ಆಡಿಟರ್‌ಗೂ ವಾಯಿದೆ, ಕನ್ನಡಕ್ಕೂ ವಾಯಿದೆ

(ಯುವ ಕನ್ನಡಿಗರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಿಮಗೆಲ್ಲ ಬೋರ್ಡಿನ ವಿಷಯ ಗೊತ್ತು. ಅಂಗಡಿಯ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು ಎಂದು ಬೀದಿಗಿಳಿದವರು ನಿಮ್ಮಲ್ಲೇ ಅನೇಕರಿದ್ದೀರಿ. ನಾನು ಇವತ್ತು ಮಾತಾಡುವುದು ಬೋರ್ಡಿನ ಬಗ್ಗೆ ಅಲ್ಲ. ಅದೇ ಅಂಗಡಿಯ ಒಳಗೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇರುವ ಲೆಕ್ಕದ ಪುಸ್ತಕದ ಬಗ್ಗೆ. ಆ ಪುಸ್ತಕ ನೋಡುವ ಆಡಿಟರ್ ಬಗ್ಗೆ. ಆ ಆಡಿಟರ್ ಪ್ರತಿ ವರ್ಷ ಇಷ್ಟು ಗಂಟೆ ಓದಬೇಕು ಎಂದು ಒಂದು ನಿಯಮ ಇದೆಯಲ್ಲ, ಅದರ ಗಡುವಿನ ಬಗ್ಗೆ.

'ಇದೇನು ಸ್ವಾಮಿ, ಕನ್ನಡ ಹೋರಾಟಕ್ಕೂ ಆಡಿಟರ್ ಗಡುವಿಗೂ ಏನು ಸಂಬಂಧ?' ಎಂದು ಹಿಂದಿನ ಸಾಲಿನಿಂದ ಕೇಳಿಬಂತು. ಸಂಬಂಧ ಇದೆ, ಸ್ವಲ್ಪ ತಾಳ್ಮೆ ಇರಲಿ. ನಾನು ಪಿ.ಯು.ಸಿ. ಓದಿದವನು, ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಅಂಗಡಿಯ ಬಿಲ್ ಬುಕ್ಕು, ವೋಚರು, ಸಹಕಾರ ಸಂಘದ ವಾರ್ಷಿಕ ವರದಿ, ಆಡಿಟರ್‌ಗಳ ಸೆಮಿನಾರಿನ ಕರಪತ್ರ, ಎಲ್ಲವೂ ನನ್ನ ಮೆಷಿನ್ ಮೇಲೆ ಹಾದುಹೋಗುತ್ತವೆ. ಯಾವ ಕಾಗದ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ನಮ್ಮಂಥವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಮೊದಲು ನಿಯಮ ಏನೆಂದು ತಿಳಿಯೋಣ. ನಾವು ಬಾಯಿಮಾತಿನಲ್ಲಿ ಆಡಿಟರ್ ಎನ್ನುವವರು ಚಾರ್ಟರ್ಡ್ ಅಕೌಂಟೆಂಟ್‌ಗಳು, ಸಿ.ಎ.ಗಳು. ಅವರ ಸಂಸ್ಥೆ ಐ.ಸಿ.ಎ.ಐ. 1949ರ ಕೇಂದ್ರ ಕಾಯ್ದೆಯ ಪ್ರಕಾರ ಅದೇ ವರ್ಷ ಜುಲೈ 1ರಂದು ಹುಟ್ಟಿದ್ದು. ತಲೆ ದೆಹಲಿಯಲ್ಲಿ, ದಕ್ಷಿಣ ವಲಯದ ಕಚೇರಿ ಚೆನ್ನೈನಲ್ಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಉಡುಪಿ, ಬೆಳಗಾವಿ, ಬಳ್ಳಾರಿ, ಕಲಬುರಗಿ ಇಲ್ಲೆಲ್ಲ ಶಾಖೆಗಳಿವೆ. ಪರೀಕ್ಷೆ ಪಾಸಾದ ಮೇಲೆ ಸಿ.ಎ.ಗಳ ಓದು ಮುಗಿಯುವುದಿಲ್ಲ. ತೆರಿಗೆ ಕಾನೂನು ಪ್ರತಿ ಬಜೆಟ್‌ಗೆ ಬದಲಾಗುತ್ತದೆ. ಹಳೆಯ ತಿಳಿವಳಿಕೆ ಇಟ್ಟುಕೊಂಡು ಸಹಿ ಹಾಕಿದರೆ ಮುಳುಗುವವನು ಕಕ್ಷಿದಾರ. ಅದಕ್ಕೇ ಸಿ.ಪಿ.ಇ. ಎಂಬ ಕಡ್ಡಾಯ ಓದು ಬಂತು. ಮುಂದುವರಿಯುವ ವೃತ್ತಿಶಿಕ್ಷಣ ಎಂದು ಕನ್ನಡದಲ್ಲಿ ಹೇಳಬಹುದು.

2023ರ ಜನವರಿ 1ರಿಂದ 2025ರ ಡಿಸೆಂಬರ್ 31ರವರೆಗಿನ ಮೂರು ವರ್ಷದ ಅವಧಿಯ ಲೆಕ್ಕ ಹೀಗಿತ್ತು. ಸ್ವಂತ ವೃತ್ತಿ ನಡೆಸುವ, 60 ವರ್ಷದೊಳಗಿನ ಸಿ.ಎ. ಮೂರು ವರ್ಷದಲ್ಲಿ 120 ಗಂಟೆ ಓದಬೇಕು. ಅದರಲ್ಲಿ 60 ಗಂಟೆ ಸೆಮಿನಾರು, ಕಾರ್ಯಾಗಾರ, ಸಂಸ್ಥೆ ಒಪ್ಪಿದ ಆನ್‌ಲೈನ್ ಪಾಠ ಇಂಥದ್ದರಲ್ಲೇ ಆಗಬೇಕು. ಇದನ್ನು ಸ್ಟ್ರಕ್ಚರ್ಡ್ ಎನ್ನುತ್ತಾರೆ. ಉಳಿದದ್ದು ತಾನೇ ಓದಿ ತಾನೇ ಬರೆದುಕೊಡುವುದು. ಮೂರನೆಯ ವರ್ಷದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತೇನೆ ಎನ್ನುವಂತಿಲ್ಲ, ಪ್ರತಿ ವರ್ಷ ಕನಿಷ್ಠ 20 ಗಂಟೆ ಸ್ಟ್ರಕ್ಚರ್ಡ್ ಆಗಲೇಬೇಕು. ಹನ್ನೆರಡು ತಿಂಗಳಿಗೆ ಹಂಚಿ ನೋಡಿ: ತಿಂಗಳಿಗೆ ಒಂದು ಗಂಟೆ ನಲವತ್ತು ನಿಮಿಷ. ಒಂದು ಕನ್ನಡ ಸಿನಿಮಾಕ್ಕಿಂತ ಕಡಿಮೆ! ಆದರೂ ಡಿಸೆಂಬರ್ ಬಂತೆಂದರೆ ಗಂಟೆಗಳ ಬೇಟೆ ಶುರು. ಜನವರಿಯಲ್ಲಿ ಖಾಲಿ ಹೊಡೆಯುವ ಸಭಾಂಗಣ ಡಿಸೆಂಬರ್‌ನಲ್ಲಿ ತುಂಬುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ಚಾಳಿ ಬರೀ ನಮ್ಮ ಕಾಲೇಜು ಹುಡುಗರದ್ದಲ್ಲ, ಸಮಾಧಾನ ಪಟ್ಟುಕೊಳ್ಳಿ.

ಈಗ ವಾಯಿದೆಯ ವಿಷಯಕ್ಕೆ ಬರೋಣ. ಗಡುವು ಎಂದ ಮೇಲೆ ವಿಸ್ತರಣೆಯೂ ಬರುತ್ತದೆ. 2020ರಲ್ಲಿ ಕೊರೋನಾ ಬಂದಾಗ ಸೆಮಿನಾರ್ ನಡೆಸುವುದೇ ಅಸಾಧ್ಯವಾಯಿತು. ಆಗ ಸಂಸ್ಥೆ ಮನೆಯಲ್ಲೇ ಕುಳಿತು ಕಂಪ್ಯೂಟರ್ ಮುಂದೆ ಕೇಳುವ ಸಭೆಗಳಿಗೂ ಗಂಟೆ ಕೊಟ್ಟಿತು, ಆ ವರ್ಷದ ಗಂಟೆ ಪೂರೈಸಲು ಹೊಸ ವರ್ಷಕ್ಕೂ ದಾಟಿಸಿ ಕಾಲಾವಕಾಶ ಕೊಟ್ಟಿತು. ಅಮೆರಿಕದಲ್ಲಿ ಅಕೌಂಟೆಂಟ್‌ಗಳಿಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮಂಡಳಿ. ಅಲ್ಲಿನ ಅನೇಕ ರಾಜ್ಯಗಳೂ ಆ ವರ್ಷ ಹಾಗೆಯೇ ಮಾಡಿದವು. ಗಮನಿಸಿ, ಅಲ್ಲಿ ಟೆಕ್ಸಾಸ್‌ನವರು ಮೂರು ವರ್ಷಕ್ಕೆ 120 ಗಂಟೆ ಎಂದರೆ ಕ್ಯಾಲಿಫೋರ್ನಿಯಾದವರು ಎರಡು ವರ್ಷಕ್ಕೆ 80 ಗಂಟೆ ಎನ್ನುತ್ತಾರೆ. ಎಷ್ಟು ಗಂಟೆ, ಯಾವಾಗ ಗಡುವು, ಯಾರಿಗೆ ವಿನಾಯಿತಿ ಎಂದು ರಾಜ್ಯವೇ ತೀರ್ಮಾನಿಸುತ್ತದೆ. ನಮ್ಮಲ್ಲಿ ಬಳ್ಳಾರಿಯ ಆಡಿಟರ್ ಎಷ್ಟು ಗಂಟೆ ಓದಬೇಕು, ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕು ಎಂಬುದು ದೆಹಲಿಯಲ್ಲಿ ತೀರ್ಮಾನ!

ಆಡಿಟರ್‌ಗಳಿಗೆ ವಾಯಿದೆ ಕೊಟ್ಟದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರ ಕಷ್ಟ ಕಣ್ಣಾರೆ ನೋಡಿದ್ದೇವೆ. 2025ರದ್ದೇ ತೆಗೆದುಕೊಳ್ಳಿ. ಆದಾಯ ತೆರಿಗೆ ರಿಟರ್ನ್ ಕೊಡುವ ಕಡೆಯ ದಿನ ಜುಲೈ 31 ಇದ್ದದ್ದು ಸೆಪ್ಟೆಂಬರ್ 15ಕ್ಕೆ ಹೋಯಿತು, ಏಕೆಂದರೆ ಇಲಾಖೆಯ ಫಾರಂಗಳೇ ತಡ. 15ರ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮತ್ತೆ ಒಂದೇ ಒಂದು ದಿನ ಕೊಟ್ಟು 16 ಎಂದರು. ಟ್ಯಾಕ್ಸ್ ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30 ಇತ್ತು. ರಾಜಸ್ಥಾನ, ಕರ್ನಾಟಕ ಹೈಕೋರ್ಟುಗಳ ಮೆಟ್ಟಿಲು ಹತ್ತಿದ ಮೇಲೆ ಸೆಪ್ಟೆಂಬರ್ 25ರಂದು ಅದು ಅಕ್ಟೋಬರ್ 31ಕ್ಕೆ ಮುಂದೆ ಹೋಯಿತು. ಹೀಗೆ ಹಗ್ಗಜಗ್ಗಾಟ ನಡೆಯುವಾಗ ಅವರು ಸೆಮಿನಾರಿಗೆ ಯಾವಾಗ ಹೋಗಬೇಕು? ಕಾರಣ ನಿಜವಾಗಿದ್ದರೆ ವಾಯಿದೆ ಕೊಡಲೇಬೇಕು.

ಆದರೆ ಒಂದು ಮಾತು ನೆನಪಿಡಿ. ಅವರಿಗೆ ಸಿಕ್ಕಿದ್ದು ವಾಯಿದೆ, ಮಾಫಿಯಲ್ಲ. 20 ಗಂಟೆ 20 ಗಂಟೆಯೇ. ದಿನಾಂಕ ಮುಂದೆ ಹೋಗುತ್ತದೆ, ಗಂಟೆ ಕಮ್ಮಿಯಾಗುವುದಿಲ್ಲ. ಈ ವ್ಯತ್ಯಾಸವೇ ಇವತ್ತಿನ ನನ್ನ ಮಾತಿನ ಬೇರು.

ಈ ಗಂಟೆಗಳೆಲ್ಲ ಯಾವ ಭಾಷೆಯಲ್ಲಿ ನಡೆಯುತ್ತವೆ? ನನ್ನ ಪ್ರೆಸ್ಸಿಗೆ ಬಂದ ಇಂಥ ಕರಪತ್ರಗಳಲ್ಲಿ ಕನ್ನಡ ಕಂಡದ್ದು 'ಸುಸ್ವಾಗತ' ಎಂಬ ಒಂದು ಪದದಲ್ಲಿ. ನವೆಂಬರ್ ಆಗಿದ್ದರೆ ಪಕ್ಕದಲ್ಲಿ ಒಂದು ಬಾವುಟದ ಚಿತ್ರ. ಒಳಗಿನ ವಿಷಯ, ಭಾಷಣಕಾರರ ಪರಿಚಯ, ಊಟದ ವೇಳೆ, ಎಲ್ಲ ಇಂಗ್ಲಿಷ್. ಸೆಮಿನಾರಿನಲ್ಲಿ ಕುಳಿತವರಲ್ಲಿ ಮುಕ್ಕಾಲು ಜನ ಕಾಫಿ ಬಿಡುವಿನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಮತ್ತೆ ಒಳಗೆ ಹೋಗಿ ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಮಾರನೆಯ ದಿನ ಅದನ್ನೇ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೋ ದಾವಣಗೆರೆಯ ದಲ್ಲಾಳಿಗೋ ಕನ್ನಡದಲ್ಲಿ ವಿವರಿಸಬೇಕು. ಆಗ ತಡವರಿಸುತ್ತಾರೆ! ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದರೇನು ಎಂದು ವ್ಯಾಪಾರಿ ಕೇಳಿದರೆ, 'ಅದೆಲ್ಲ ನಿಮಗೆ ಅರ್ಥ ಆಗಲ್ಲ, ನಾನು ನೋಡ್ಕೋತೀನಿ ಬಿಡಿ, ಇಲ್ಲಿ ಸೈನ್ ಹಾಕಿ' ಎನ್ನುವವರಿದ್ದಾರೆ. ನೋಟೀಸು ಬಂದಾಗ ದಂಡ ಕಟ್ಟುವವನು ಸೈನ್ ಹಾಕಿದವನು. ಕೊಂಡಾಗ ಕಟ್ಟಿದ ತೆರಿಗೆಯನ್ನು ಮಾರಿದಾಗ ಕಟ್ಟುವ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುವುದು. ಇಷ್ಟೇ ಸ್ವಾಮಿ! ಇದನ್ನು ಕನ್ನಡದಲ್ಲಿ ಹೇಳಲು ಯಾವ ಪಂಡಿತರೂ ಬೇಕಿಲ್ಲ.

ಇನ್ನು ಪರೀಕ್ಷೆಯ ಮಾತು. ಸಿ.ಎ. ಪರೀಕ್ಷೆಯನ್ನು ಎರಡು ಭಾಷೆಯಲ್ಲಿ ಬರೆಯಬಹುದು. ಇಂಗ್ಲಿಷ್, ಇಲ್ಲವೇ ಹಿಂದಿ. ಕಾನ್ಪುರದ ಹುಡುಗ ತಾಯಿನುಡಿಯಲ್ಲಿ ಬರೆಯಬಹುದು. ಕೊಪ್ಪಳದ ಹುಡುಗಿ ಬರೆಯುವಂತಿಲ್ಲ. ಈ ಹುಡುಗಿ ಪಿ.ಯು.ಸಿ.ಯಲ್ಲಿ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಓದಿ ಪಾಸಾಗಿರುತ್ತಾಳೆ. ಪಾಠ ಇಂಗ್ಲಿಷ್ ಮಾಧ್ಯಮದ್ದಾಗಿದ್ದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು 2023ರ ಏಪ್ರಿಲ್‌ನಲ್ಲಿ ಯು.ಜಿ.ಸಿ.ಯೇ ವಿಶ್ವವಿದ್ಯಾಲಯಗಳಿಗೆ ಕಾಗದ ಬರೆದಿದೆ. ಅಂದರೆ ಬಿ.ಕಾಂ.ವರೆಗೆ ಬಾಗಿಲು ತೆರೆದಿದೆ, ಸಿ.ಎ. ಮೆಟ್ಟಿಲ ಮೇಲೆ ಬೀಗ!

'ಕಾನೂನೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಸಿ.ಎ. ಹೇಗೆ ಸಾಧ್ಯ?' ಎಂದು ನಮ್ಮವರೇ ಕೇಳುತ್ತಾರೆ. ಹಾಗಾದರೆ ಹಿಂದಿಯಲ್ಲಿ ಹೇಗೆ ಸಾಧ್ಯವಾಯಿತು? ವಕೀಲರಾಗಬೇಕಾದವರು ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಡಾಕ್ಟರಾಗಲು ಬರೆಯುವ ನೀಟ್ 2017ರಿಂದ ಕನ್ನಡದಲ್ಲಿದೆ. ಎಂಜಿನಿಯರಿಂಗ್‌ನ ಜೆ.ಇ.ಇ. ಮೇನ್ 2021ರಿಂದ ಕನ್ನಡದಲ್ಲೂ ಇದೆ. ಕೇಂದ್ರ ಮೀಸಲು ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲಿ ನಡೆಯುತ್ತಿದೆ. ಬಂದೂಕು ಹಿಡಿಯಲು, ಸ್ಟೆತಸ್ಕೋಪ್ ಹಿಡಿಯಲು, ಕೋರ್ಟಿನಲ್ಲಿ ವಾದ ಮಾಡಲು ಕನ್ನಡ ಸಾಕು. ಕೂಡು ಕಳೆಯುವ ಲೆಕ್ಕಕ್ಕೆ ಮಾತ್ರ ಸಾಲದೇ?

ಕನ್ನಡಕ್ಕೆ ಲೆಕ್ಕ ಹೊಸದಲ್ಲ. ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿ ಸೇರಿ ಭಂಡಾರದ ಹೊಣೆ ಹೊತ್ತರು ಎಂದು ನಮ್ಮ ಪರಂಪರೆ ಹೇಳುತ್ತದೆ. ಶಾನುಭೋಗರು ತಲೆಮಾರುಗಟ್ಟಲೆ ಊರಿನ ಜಮಾಬಂದಿಯನ್ನು ಕನ್ನಡದಲ್ಲಿ ಬರೆದರು. ಅದೆಲ್ಲ ಹಳೆಯ ಕಾಲವಾಯಿತು ಎನ್ನುತ್ತೀರಾ? ಹಾಗಾದರೆ ಸಹಕಾರ ಸಂಘಗಳನ್ನು ನೋಡಿ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ಇವತ್ತಿನ ನಿಮ್ಮ ಬಡಾವಣೆಯ ಪತ್ತಿನ ಸಂಘದವರೆಗೆ. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಹಾಸಭೆ. ಆ ಎರಡು ತಿಂಗಳು ನಮ್ಮಂಥ ಪ್ರೆಸ್ಸಿನವರಿಗೆ ಊಟಕ್ಕೆ ಪುರಸೊತ್ತಿರುವುದಿಲ್ಲ. ನಾವು ಅಚ್ಚು ಹಾಕುವ ಆ ವರದಿಗಳಲ್ಲಿ ಜಮಾ ಖರ್ಚು ಇರುತ್ತದೆ, ತಾಳೆ ಪಟ್ಟಿ ಇರುತ್ತದೆ, ಲಾಭ ನಷ್ಟದ ತಃಖ್ತೆ ಇರುತ್ತದೆ, ಅಢಾವೆ ಪತ್ರಿಕೆ ಇರುತ್ತದೆ. ಆರಂಭದ ಶಿಲ್ಕು, ಅಖೈರು ಶಿಲ್ಕು, ಸವಕಳಿ, ಷೇರು ಬಂಡವಾಳ, ಆಪದ್ಧನ ನಿಧಿ, ಬರಬೇಕಾದ ಬಡ್ಡಿ, ಕೊಡಬೇಕಾದ ಬಡ್ಡಿ. ಒಂದೊಂದು ಪದವೂ ಸವೆದು ನುಣುಪಾದ ನಾಣ್ಯದಂತಿದೆ. ಇದರಲ್ಲಿ ಪಾರ್ಸಿ, ಮರಾಠಿ, ಸಂಸ್ಕೃತ, ಇಂಗ್ಲಿಷ್ ಎಲ್ಲ ಬೆರೆತಿದೆ, ಅದಕ್ಕೇನಂತೆ? ಸಂಘದ ಸದಸ್ಯನಾದ ರೈತ ಎದ್ದು ನಿಂತು, 'ಸಾದಿಲ್ವಾರು ಖರ್ಚು ಹೋದ ವರ್ಷಕ್ಕಿಂತ ಯಾಕೆ ಜಾಸ್ತಿ?' ಎಂದು ಕೇಳಬಲ್ಲ. ಅಧ್ಯಕ್ಷ ಬೆವರುತ್ತಾನೆ. ಲೆಕ್ಕ ಜನರ ಭಾಷೆಯಲ್ಲಿ ಇದ್ದದ್ದಕ್ಕೆ ಆ ಪ್ರಶ್ನೆ ಹುಟ್ಟಿತು. ಇಂಥ ಸಂಘಗಳ ಲೆಕ್ಕ ತಪಾಸಣೆಗೆ ಸಿ.ಎ.ಗಳನ್ನೂ ನೇಮಿಸಿಕೊಳ್ಳಬಹುದು. ಕನ್ನಡದ ಲೆಕ್ಕ ನೋಡಿ ಸಹಿ ಹಾಕುವ ಸಿ.ಎ.ಗಳು ನಮ್ಮಲ್ಲೇ ಇದ್ದಾರೆ. ಆಗ ಆಗುವ ಕನ್ನಡ ಸೆಮಿನಾರಿನಲ್ಲಿ ಯಾಕೆ ಆಗುವುದಿಲ್ಲ?

ಬಿಲ್ ಬುಕ್ಕಿನ ಮಾತನ್ನೂ ಹೇಳಿಬಿಡುತ್ತೇನೆ. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂತು. ಇದ್ದಬದ್ದ ಬಿಲ್ ಬುಕ್ಕೆಲ್ಲ ರದ್ದಿ, ಎಲ್ಲರಿಗೂ ಹೊಸದು ಬೇಕು. ಎಷ್ಟೋ ಅಂಗಡಿಯವರು ಹಳೆಯ ಕನ್ನಡ ಬಿಲ್ ತಂದು, 'ಇದನ್ನೇ ಇಂಗ್ಲಿಷ್ ಮಾಡಿ, ಜಿ.ಎಸ್.ಟಿ.ಗೆ ಕನ್ನಡ ನಡೆಯಲ್ಲವಂತೆ' ಎಂದರು. ಯಾರು ಹೇಳಿದ್ದು ಎಂದರೆ, 'ಯಾರೋ ಅಂದ್ರು'. ಕೇಂದ್ರ ಜಿ.ಎಸ್.ಟಿ. ನಿಯಮಗಳಲ್ಲಿ 46ನೆಯದು ಬಿಲ್ಲಿನಲ್ಲಿ ಏನೇನು ಇರಬೇಕು ಎಂದು ಪಟ್ಟಿ ಕೊಡುತ್ತದೆ. ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಕ್ರಮಸಂಖ್ಯೆ, ದಿನಾಂಕ, ಸರಕಿನ ವಿವರ, ದರ, ತೆರಿಗೆ. ಇಂಥ ಭಾಷೆಯಲ್ಲೇ ಇರಬೇಕು ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ! ಸಾವಿರಾರು ಅಂಗಡಿಯವರ ಬಿಲ್ ಬುಕ್ಕಿನಿಂದ ಕನ್ನಡವನ್ನು ಎಬ್ಬಿಸಿದ್ದು ಕಾನೂನಲ್ಲ, ಒಂದು ಗಾಳಿಮಾತು. ಆ ವರ್ಷ ಕನ್ನಡದಲ್ಲಿ ಎರಡು ಗಂಟೆಯ ಒಂದು ಸೆಮಿನಾರ್ ನಡೆದಿದ್ದರೆ ಆ ಗಾಳಿಮಾತು ಹುಟ್ಟಿದಲ್ಲೇ ಸಾಯುತ್ತಿತ್ತು.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಕೆನಡಾ ದೇಶದಲ್ಲಿ ಕ್ವಿಬೆಕ್ ಎಂಬ ಪ್ರಾಂತ ಇದೆ. ಸುತ್ತ ಇಂಗ್ಲಿಷಿನ ಸಮುದ್ರ, ನಡುವೆ ಫ್ರೆಂಚ್ ಮಾತಾಡುವ ಜನ. ಒಂದು ಕಾಲದಲ್ಲಿ ಅಲ್ಲೂ ಜನ ಫ್ರೆಂಚರು, ವ್ಯಾಪಾರ ವ್ಯವಹಾರ ಇಂಗ್ಲಿಷಿನದು. ನಮ್ಮ ಬೆಂಗಳೂರಿನ ಕಥೆಯೇ ಅನ್ನಿ. 1977ರಲ್ಲಿ ಅವರು ಫ್ರೆಂಚ್ ಭಾಷೆಯ ಸನ್ನದು ಎಂಬ ಕಾಯ್ದೆ ತಂದರು. ಅದರ 35ನೆಯ ಕಲಮು ಹೇಳುವುದೇನು? ವೃತ್ತಿ ಮಂಡಳಿಗಳು, ಅಂದರೆ ವೈದ್ಯರ, ಎಂಜಿನಿಯರ್‌ಗಳ, ಅಕೌಂಟೆಂಟ್‌ಗಳ ಮಂಡಳಿಗಳು, ಆ ವೃತ್ತಿಗೆ ತಕ್ಕಷ್ಟು ಫ್ರೆಂಚ್ ಬಲ್ಲವರಿಗೆ ಮಾತ್ರ ಪರವಾನಗಿ ಕೊಡಬೇಕು.

'ಹೊರಗಿನಿಂದ ಬಂದ ಬುದ್ಧಿವಂತರ ಗತಿ ಏನು?' ಎಂದು ನೀವು ಕೇಳಬಹುದು. ಅವರನ್ನು ಅಟ್ಟಲಿಲ್ಲ. 37ನೆಯ ಕಲಮಿನಲ್ಲಿ ತಾತ್ಕಾಲಿಕ ಪರವಾನಗಿ ಇದೆ, ಒಂದು ವರ್ಷಕ್ಕೆ ಮೀರದಂತೆ. ಆ ವರ್ಷದಲ್ಲಿ ಕಲಿಯಲಾಗಲಿಲ್ಲವೇ? ವಾಯಿದೆ ಉಂಟು. 38ನೆಯ ಕಲಮಿನ ಪ್ರಕಾರ ನವೀಕರಣ ಸಿಗುತ್ತದೆ. ಆದರೆ ಮೂರೇ ಸಲ. ಅದಕ್ಕೂ ಭಾಷಾ ಕಚೇರಿಯ ಒಪ್ಪಿಗೆ ಬೇಕು, ಸಾರ್ವಜನಿಕ ಹಿತ ಇದೆ ಎಂದು ಕಾಣಬೇಕು, ಪ್ರತಿ ಸಲವೂ ಪರೀಕ್ಷೆಗೆ ಕೂರಬೇಕು. 2022ರಲ್ಲಿ ಕಾಯ್ದೆಯನ್ನು ಇನ್ನೂ ಬಿಗಿ ಮಾಡಿ, ಪರವಾನಗಿ ಪಡೆಯುವ ದಿನ ಮಾತ್ರವಲ್ಲ, ವೃತ್ತಿ ಮಾಡುವಷ್ಟು ಕಾಲವೂ ಆ ಭಾಷಾಜ್ಞಾನ ಉಳಿಸಿಕೊಂಡಿರಬೇಕು ಎಂದರು. ನೋಡಿದಿರಾ? ಭಾಷೆಯನ್ನು ಅವರು ಅಭಿಮಾನದ ವಿಷಯ ಎಂದು ನವೆಂಬರ್‌ಗೆ ಎತ್ತಿಡಲಿಲ್ಲ. ತೆರಿಗೆ ಕಾನೂನು ತಿಳಿದಿರುವಂತೆಯೇ ಜನರ ಭಾಷೆ ತಿಳಿದಿರುವುದೂ ವೃತ್ತಿಯ ಯೋಗ್ಯತೆ ಎಂದು ಎಣಿಸಿದರು.

ನಮ್ಮಲ್ಲಿ? ವಾಯಿದೆಗೆ ಬರವಿಲ್ಲ. ರಾಜಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ಸರೋಜಿನಿ ಮಹಿಷಿ ಸಮಿತಿ ನೇಮಕವಾದದ್ದು 1983ರಲ್ಲಿ, ಅಂತಿಮ ವರದಿ ಕೊಟ್ಟದ್ದು 1986ರಲ್ಲಿ. ವರದಿ ಬಂದಾಗ ಹುಟ್ಟಿದ ಮಕ್ಕಳಿಗೆ ಈಗ ಕೂದಲು ನರೆಯುತ್ತಿದೆ. ಬ್ಯಾಂಕಿನ ಮಾತು ಕೇಳಿ. ಗ್ರಾಮೀಣ ಬ್ಯಾಂಕಿಗೆ ಸೇರುವವರಿಗೆ ಸ್ಥಳೀಯ ಭಾಷೆ ಬರದಿದ್ದರೆ ಕೆಲಸಕ್ಕೆ ಸೇರಿದ ದಿನದಿಂದ ಆರು ತಿಂಗಳು ಸಮಯ ಎಂದು ನೇಮಕಾತಿ ಪ್ರಕಟಣೆಯೇ ಹೇಳುತ್ತಾ ಬಂದಿದೆ. ಬೇಕಾದರೆ ಬ್ಯಾಂಕು ಅದನ್ನು ವಿಸ್ತರಿಸಬಹುದು, ಆದರೆ ಪ್ರೊಬೇಷನ್ ಅವಧಿ ಮೀರುವಂತಿಲ್ಲ. ಕಾಗದದ ಮೇಲೆ ಕ್ವಿಬೆಕ್‌ಗೆ ಏನು ಕಮ್ಮಿ ಹೇಳಿ! 2017ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಆಗಿನ ಅಧ್ಯಕ್ಷ ಎಸ್.ಜಿ. ಸಿದ್ದರಾಮಯ್ಯನವರು, ಕನ್ನಡ ಬಾರದ ಬ್ಯಾಂಕ್ ನೌಕರರು ಆರು ತಿಂಗಳಲ್ಲಿ ಕಲಿಯಲಿ ಎಂದು ಬ್ಯಾಂಕುಗಳಿಗೆ ಪತ್ರ ಬರೆದರು. ಆರು ತಿಂಗಳಾದ ಮೇಲೆ ಪರೀಕ್ಷೆ ಮಾಡಿದವರು ಯಾರು? ಫೇಲಾದವರ ಪಟ್ಟಿ ಎಲ್ಲಿ? ನಮ್ಮ ಊರಿನ ಕೌಂಟರಿನಲ್ಲಿ ಇವತ್ತಿಗೂ ಅಜ್ಜಿ ಪಾಸ್‌ಬುಕ್ ಹಿಡಿದು ಕೈಸನ್ನೆ ಮಾಡುತ್ತಾಳೆ.

ಆಡಿಟರ್‌ಗಳ ಸಂಸ್ಥೆ ಇಲ್ಲಿ ನಮಗೆ ಗುರು. ಅವರು ವಾಯಿದೆ ಕೊಟ್ಟರೂ ಒಬ್ಬೊಬ್ಬ ಸದಸ್ಯನ ಹೆಸರಿನ ಮುಂದೆ ಎಷ್ಟು ಗಂಟೆ ಆಯಿತು, ಎಷ್ಟು ಬಾಕಿ ಎಂದು ಲೆಕ್ಕ ಇಟ್ಟಿರುತ್ತಾರೆ. ಕನ್ನಡದ ಗಡುವುಗಳಿಗೆ ಖಾತೆಯೇ ಇಲ್ಲ, ಖಾತೆ ಇಲ್ಲದ ಮೇಲೆ ಬಾಕಿ ಯಾರ ಹೆಸರಿಗೆ ಬರೆಯುತ್ತೀರಿ?

ಇಲ್ಲಿ ಒಂದು ಎಚ್ಚರಿಕೆ. ನಾಳೆಯೇ ಹೋಗಿ ಆಡಿಟರ್‌ಗಳ ಕಚೇರಿ ಮುಂದೆ ಕೂಗುವುದಕ್ಕೆ ನಾನು ಹೇಳುತ್ತಿಲ್ಲ. ಅವರಲ್ಲಿ ಬಹುಪಾಲು ನಮ್ಮವರು. ಕನ್ನಡ ಶಾಲೆಯಲ್ಲಿ ಓದಿ, ಇಂಗ್ಲಿಷಿನ ಗೋಡೆ ಹತ್ತಿ, ಎಂಟು ಹತ್ತು ಸಲ ಬಿದ್ದು ಎದ್ದು ಸಿ.ಎ. ಆದವರು. ಅವರಿಗೆ ಈ ಗೋಡೆ ಎಷ್ಟು ಎತ್ತರ ಎಂದು ನಮಗಿಂತ ಚೆನ್ನಾಗಿ ಗೊತ್ತು. ಇಂಗ್ಲಿಷ್ ಬೇಡ ಎಂದೂ ನಾನು ಹೇಳುತ್ತಿಲ್ಲ, ಕಲಿಯಿರಿ, ಚೆನ್ನಾಗಿ ಕಲಿಯಿರಿ. ಕ್ವಿಬೆಕ್ ಕಾಯ್ದೆಯನ್ನು ಹಾಗೇ ಎತ್ತಿ ತಂದು ಇಲ್ಲಿ ನೆಡಲೂ ಆಗುವುದಿಲ್ಲ. ನಮ್ಮ ಸಂವಿಧಾನದಲ್ಲಿ ವಕೀಲಿ, ವೈದ್ಯಕೀಯ ಮತ್ತಿತರ ವೃತ್ತಿಗಳು ಸಮವರ್ತಿ ಪಟ್ಟಿಯ 26ನೆಯ ನಮೂದಿನಲ್ಲಿವೆ. ರಾಜ್ಯಕ್ಕೂ ಅಧಿಕಾರ ಉಂಟು, ಆದರೆ 1949ರ ಕೇಂದ್ರ ಕಾಯ್ದೆಗೆ ಅಡ್ಡ ಬರುವ ರಾಜ್ಯ ಕಾಯ್ದೆ ರಾಷ್ಟ್ರಪತಿಗಳ ಅಂಕಿತವಿಲ್ಲದೆ ನಿಲ್ಲುವುದಿಲ್ಲ. ಆ ದಾರಿ ಉದ್ದ. ಅದನ್ನು ವಕೀಲ ಗೆಳೆಯರು ನೋಡಲಿ.

ಹತ್ತಿರದ ದಾರಿಯೊಂದಿದೆ. ಕಾಯ್ದೆ ಬೇಡ, ಅಂಕಿತ ಬೇಡ. ರಾಜ್ಯದ ಶಾಖೆಗಳು ತಿಂಗಳಿಗೊಂದು ಸಿ.ಪಿ.ಇ. ಕಾರ್ಯಕ್ರಮವನ್ನು ಪೂರ್ತಿ ಕನ್ನಡದಲ್ಲಿ ನಡೆಸಲಿ, ಅದಕ್ಕೆ ಸ್ಟ್ರಕ್ಚರ್ಡ್ ಗಂಟೆ ಕೊಡಲಿ. ವಿಷಯಕ್ಕೆ ಬರ ಇಲ್ಲ. ಸಹಕಾರ ಸಂಘದ ಆಡಿಟ್, ಸಣ್ಣ ವ್ಯಾಪಾರಿಯ ಜಿ.ಎಸ್.ಟಿ., ಎ.ಪಿ.ಎಂ.ಸಿ. ದಲ್ಲಾಳಿಯ ಲೆಕ್ಕ, ಸ್ತ್ರೀಶಕ್ತಿ ಸಂಘದ ಪುಸ್ತಕ. ಒಮ್ಮೆ ರೆಕಾರ್ಡ್ ಮಾಡಿಟ್ಟರೆ ಸಂಸ್ಥೆಯ ಆನ್‌ಲೈನ್ ಪಾಠದ ತಾಣದಲ್ಲಿ ಹಾಕಬಹುದು, ಬೀದರಿನಲ್ಲಿ ಕುಳಿತವನೂ ಮಧ್ಯರಾತ್ರಿ ನೋಡಿ ಗಂಟೆ ಪಡೆಯಬಹುದು. ಡಿಸೆಂಬರ್‌ನಲ್ಲಿ ಗಂಟೆಗಾಗಿ ಓಡಾಡುವವರಿಗೆ ಇದಕ್ಕಿಂತ ಉಪಕಾರ ಬೇರೆ ಇದೆಯೇ? ಆಮೇಲೆ ವಾಯಿದೆ ಕೇಳುವ ಪ್ರಸಂಗವೂ ಕಮ್ಮಿಯಾದೀತು.

ಎರಡನೆಯದು ಪರೀಕ್ಷೆ. ಸಂಸ್ಥೆಯ ಕೌನ್ಸಿಲ್‌ಗೆ ಹೆಚ್ಚಿನ ಸದಸ್ಯರನ್ನು ಸಿ.ಎ.ಗಳೇ ಓಟು ಹಾಕಿ ಆರಿಸುತ್ತಾರೆ, ದಕ್ಷಿಣ ವಲಯದಿಂದಲೂ ಆರಿಸಿ ಹೋಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅಂಥ ಚುನಾವಣೆ ನಡೆಯಿತು. ಕರಪತ್ರ, ಕಾರ್ಡು ಅಚ್ಚಾದವು. ಕನ್ನಡದಲ್ಲಿ ಪರೀಕ್ಷೆ ಎಂಬ ಭರವಸೆ ನನ್ನ ಮೆಷಿನ್ ಮೇಲಂತೂ ಹಾದುಹೋಗಲಿಲ್ಲ. ಮುಂದಿನ ಚುನಾವಣೆಯೊಳಗೆ ಕರ್ನಾಟಕದ ಸಿ.ಎ.ಗಳು ಅಭ್ಯರ್ಥಿಗಳನ್ನು ಕೇಳಬೇಕು. ನಾವು ಅವರನ್ನು ಕೇಳಬೇಕು. ತಮಿಳರು, ತೆಲುಗರು, ಮಲಯಾಳಿಗಳು ಇದೇ ದಕ್ಷಿಣ ವಲಯದಲ್ಲಿದ್ದಾರೆ. ಅವರ ಮಕ್ಕಳಿಗೂ ಇದೇ ಬೀಗ. ಈ ಒಂದು ವಿಷಯದಲ್ಲಿ ಕಾವೇರಿ ಜಗಳ ಪಕ್ಕಕ್ಕಿಟ್ಟು ನಾಲ್ಕೂ ಭಾಷೆಯವರು ಒಂದೇ ಮನವಿಗೆ ಸಹಿ ಹಾಕಬಹುದು. ಹಿಂದಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎನ್ನುವುದು ಬೇಡ, ನಮಗೂ ಕೊಡಿ ಎಂದರೆ ಸಾಕು. ಒಂದೇ ಏಟಿಗೆ ಕಡೆಯ ಪರೀಕ್ಷೆ ಆಗದಿದ್ದರೆ ಪ್ರವೇಶ ಹಂತದ ಫೌಂಡೇಷನ್ ಪರೀಕ್ಷೆಯಿಂದ ಶುರುವಾಗಲಿ. ಇದಕ್ಕೆ ಸಂಸ್ಥೆಗೆ ಸಮಯ ಬೇಕು ಎಂದರೆ ಕೊಡೋಣ, ಎರಡು ವರ್ಷ ಕೊಡೋಣ. ದಿನಾಂಕ ಬರೆದುಕೊಡಲಿ.

ನಿಮ್ಮ ಪಾಲಿನ ಕೆಲಸ ಇಷ್ಟು. ನಿಮ್ಮಲ್ಲಿ ಬಿ.ಕಾಂ. ಓದುವವರು, ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿರುವವರು ಕೈ ಎತ್ತಿ ನೋಡೋಣ. ಹನ್ನೊಂದು, ಹನ್ನೆರಡು... ಸಾಕು. ಬೆಂಗಳೂರು ಶಾಖೆಯ ಕಚೇರಿ ವಸಂತನಗರದಲ್ಲಿದೆ. ಈ ಹನ್ನೆರಡು ಜನ ಒಟ್ಟಿಗೆ ಹೋಗಿ, ಕೂಗಾಡದೆ, ಕನ್ನಡ ಕಾರ್ಯಕ್ರಮದ ಮನವಿಯನ್ನು ಕನ್ನಡದಲ್ಲಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ. ಸೀಲು, ದಿನಾಂಕ ಮರೆಯಬೇಡಿ, ಮುಂದೆ ಯಾರಾದರೂ 'ನಮಗೆ ಮನವಿಯೇ ಬಂದಿಲ್ಲ' ಎಂದಾಗ ಬೇಕಾಗುತ್ತದೆ. ಊರಿಗೆ ಹೋಗುವವರು ಅಲ್ಲಿನ ಶಾಖೆಗೂ ಒಂದು ಪ್ರತಿ ಕೊಡಿ. ಮನೆಯಲ್ಲಿ ಅಂಗಡಿ ಇರುವವರು ಅಪ್ಪನ ಬಿಲ್ ಬುಕ್ಕು ಮುಗಿದಾಗ ಹೊಸದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಯಾರಾದರೂ ನಡೆಯಲ್ಲ ಎಂದರೆ 46ನೆಯ ನಿಯಮ ತೋರಿಸಿ ಎನ್ನಿ. ನೋಂದಣಿ ಸಂಖ್ಯೆ ಮಾತ್ರ ಅದು ಇರುವ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಇರಲಿ, ಅದರಲ್ಲಿ ಹಟ ಬೇಡ.

ಮನವಿಯ ಕರಡು ನಾನು ತಂದಿದ್ದೇನೆ, ಒಂದೇ ಪುಟ. ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಕಾಸು ಬೇಡ. ಆದರೆ ತೆಗೆದುಕೊಂಡವರು ಹೆಸರು ಬರೆದು, ಯಾವ ತಾರೀಖಿಗೆ ಯಾವ ಶಾಖೆಗೆ ಕೊಡುತ್ತೀರಿ ಎಂದು ಪಕ್ಕದ ಪುಸ್ತಕದಲ್ಲಿ ಬರೆದು ಹೋಗಿ. ಮುಂದಿನ ತಿಂಗಳ ಸಭೆಗೆ ಆ ಪುಸ್ತಕ ತರುತ್ತೇನೆ.